ಕೆಂಪು ಏರಿದ ಕಾಲುಗಳು

ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ನಿಲ್ಲುವ ಆಳೆತ್ತರದ ಬೊಂಬೆಗಳಿಗೆ ಮೈಬಣ್ಣ ಕೊಡುವುದು ಅವಳ ಕಸುಬು. ಎಲ್ಲರೂ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಎಷ್ಟೋ ದೊಡ್ಡವರಾದ ಯಜಮಾನರೂ ಸೇರಿ. ಕಾರ್ಖಾನೆ ಎಂದರೆ ತಗಡಿನ ಸೂರಿನ ಒಂದು ಉದ್ದನೆಯ ಕೋಣೆ. ಮೂಗು ಮುರಿದ, ಮೊಣಕೈ ಬಿರಿದ ಬೊಂಬೆಗಳು ಅಲ್ಲಿಗೆ ಬರುತ್ತಿದ್ದವು. ಅವಳು ಬಿರುಕು ಮುಚ್ಚಿ, ನೀರು ಹಾಕಿ ಉಜ್ಜಿ, ಬಣ್ಣ ಬಳಿದು, ಕಡೆಯಲ್ಲಿ ಕಣ್ಣು ಬರೆಯುತ್ತಿದ್ದಳು.

ನೆಲ ಸದಾ ಒದ್ದೆ. ದಿನವಿಡೀ ರಬ್ಬರ್ ಬೂಟು ಹಾಕಿಕೊಂಡೇ ಇರಬೇಕು. ಅದರಿಂದ ಕಿರುಬೆರಳಿನ ಸಂದು ಬೆಳ್ಳಗೆ ನೆನೆದು ಬಿರಿದಿತ್ತು. ಕೆರೆತ ಬಂದರೆ ಬೂಟಿನೊಳಗೇ ಬೆರಳು ಆಡಿಸಿಕೊಂಡು ಸುಮ್ಮನಾಗುತ್ತಿದ್ದಳು.

ಒಂದು ಬೆಳಗ್ಗೆ ಎಡಗಾಲಿನ ಹರಡಿನ ಮೇಲೆ, ಪಾದದ ಗಂಟಿನ ಹತ್ತಿರ, ಅಂಗೈಯಗಲ ಕೆಂಪು ಎದ್ದಿತ್ತು. ಮುಟ್ಟಿದರೆ ಕಾವಲಿಯಂತೆ ಬಿಸಿ. ಚರ್ಮ ಬಿಗಿದು, ಮೆರುಗೆಣ್ಣೆ ಬಳಿದ ಹಾಗೆ ಹೊಳೆಯುತ್ತಿತ್ತು. ಅವಳಿಗೆ ಅದು ತನ್ನ ಕಾಲಿನಂತೆ ಕಾಣಲಿಲ್ಲ, ಯಾರೋ ಬಣ್ಣ ಬಳಿದು ಒಣಗಲು ಇಟ್ಟ ಕಾಲಿನಂತೆ ಕಂಡಿತು.

ಗಂಡ ದೂರದೂರಿಗೆ ಲಾರಿ ಓಡಿಸುವವನು. ಮನೆಯಲ್ಲಿ ಇದ್ದವರು ಅವಳು ಮತ್ತು ನಾದಿನಿ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ನಾದಿನಿಯ ಬಾಯಿಗೆ ಬೀಗವಿರಲಿಲ್ಲ.

"ಅತ್ತಿಗೆ, ಬೊಂಬೆಗೆ ಹಾಕೋ ಬಣ್ಣ ಸಾಕಾಗ್ಲಿಲ್ವಾ, ನೀವೂ ಬಳ್ಕೊಂಡ್ರಾ?" ಎಂದು ನಕ್ಕವಳು ಮುಟ್ಟಿ ನೋಡಿ ಕೈ ಹಿಂದೆಗೆದಳು. "ಅಯ್ಯೋ, ಸುಡ್ತಿದೆ! ಉಗುರಲ್ಲಿ ಹೋಗೋದಕ್ಕೆ ಕೊಡಲಿ ತರಿಸ್ಬೇಡಿ. ನಡೀರಿ ಡಾಕ್ಟರ ಹತ್ರ."

ಬೀದಿ ಕೊನೆಯ ದವಾಖಾನೆಯ ಡಾಕ್ಟರಮ್ಮ ಕಾಲನ್ನು ಬಿಟ್ಟು ಮೊದಲು ಬೆರಳ ಸಂದುಗಳನ್ನು ಬಿಡಿಸಿ ನೋಡಿದರು.

"ಇಗೋ, ಬಾಗಿಲು ಇಲ್ಲಿದೆ. ಚರ್ಮದ ಮೇಲೆ ಬ್ಯಾಕ್ಟೀರಿಯಾ ಯಾವಾಗ್ಲೂ ಇರ್ತವೆ. ಬಿರುಕು ಸಿಕ್ಕಿದ್ರೆ ಒಳಗೆ ಇಳೀತವೆ, ಚರ್ಮದ ಕೆಳಗೆ ಹರಡ್ತವೆ. ಸೆಲ್ಯುಲೈಟಿಸ್ ಅಂತಾರೆ ಇದಕ್ಕೆ."

"ನಂಗೂ ಅಂಟುತ್ತಾ?" ನಾದಿನಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದಳು.

"ಹಾಗೆಲ್ಲ ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ. ಈಗಿನ್ನೂ ಸಣ್ಣದು, ಜ್ವರ ಇಲ್ಲ, ಮನೇಲೇ ವಾಸಿಯಾಗುತ್ತೆ. ಈ ಆಂಟಿಬಯಾಟಿಕ್ ಮಾತ್ರೆ ಮಾತ್ರ ಪೂರ್ತಿ ಮುಗಿಸ್ಬೇಕು, ಕೆಂಪು ಇಳೀತು ಅಂತ ನಡುವೆ ಬಿಡ್ಬಾರ್ದು. ಮಲಗಿ, ಕಾಲು ಎದೆಗಿಂತ ಎತ್ತರಕ್ಕೆ ಬರೋ ಹಾಗೆ ದಿಂಬು ಕೊಡಿ, ಊತ ಇಳಿಯುತ್ತೆ. ಉರಿಗೆ ತಣ್ಣೀರಲ್ಲಿ ಅದ್ದಿದ ಶುಭ್ರ ಬಟ್ಟೆ, ನೋವಿಗೆ ಪ್ಯಾರಸಿಟಮಾಲ್. ತಿಕ್ಕೋದು, ಹಿಚುಕೋದು ಬೇಡ. ಬೆರಳ ಸಂದಿಗೆ ಈ ಮುಲಾಮು."

ಆಮೇಲೆ ಪೆನ್ನು ತೆಗೆದು ಕೆಂಪಿನ ಅಂಚಿನುದ್ದಕ್ಕೂ ಗೆರೆ ಎಳೆದರು. "ಕೆಂಪು ಈ ಗೆರೆ ದಾಟಿ ಓಡ್ತಿದ್ರೆ, ಇಲ್ಲಾ ಚಳಿಜ್ವರ ಬಂದ್ರೆ, ಒಂದು ಗಳಿಗೇನೂ ಕಾಯ್ಬೇಡಿ. ಬಂದ್ಬಿಡಿ."

ಅವಳು ಹೇಳಿದ ಹಾಗೆ ಕೇಳಿದಳು, ಆದರೆ ಕೆಲವೇ ದಿನ. ಊತ ತಗ್ಗಿತು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಒಂದು ಹೊತ್ತು ಬಿಟ್ಟಳು, ಮರುಹೊತ್ತೂ ಬಿಟ್ಟಳು. ಅಷ್ಟರಲ್ಲಿ ಯಜಮಾನರ ಕರೆ ಬಂತು. ಹೊಸ ಅಂಗಡಿಯೊಂದಕ್ಕೆ ಒಂದು ಸಾಲು ಹೆಣ್ಣುಬೊಂಬೆಗಳು ಬೇಕಾಗಿದ್ದವು. "ಬಣ್ಣದಕ್ಕಾ, ಆಗುತ್ತಾ?" ಅಂದರು. ಆಗುತ್ತೆ ಅಂದಳು. ನಾದಿನಿ ಕೆಲಸಕ್ಕೆ ಹೋಗುವವರೆಗೆ ಕಾದು, ಬೂಟಿಗೆ ಕಾಲು ತೂರಿಸಿದಳು.

ಅಂದು ಯಜಮಾನರು ಸಾಮಾನು ತರಲು ಪೇಟೆಗೆ ಹೋಗಿದ್ದರು. ಕೋಣೆಯಲ್ಲಿ ಅವಳೊಬ್ಬಳೇ. ಗೋಡೆಯುದ್ದಕ್ಕೂ ಬೊಂಬೆಗಳು ನಿಂತಿದ್ದವು, ಮೈಬಣ್ಣವನ್ನು ಯಜಮಾನರೇ ಹೇಗೋ ಮುಗಿಸಿದ್ದರು, ಕಣ್ಣು ಬರೆಯುವುದೊಂದೇ ಬಾಕಿ. ಮೊದಲ ಬೊಂಬೆಯ ಮುಂದೆ ನಿಂತು ಕುಂಚ ಎತ್ತಿದಾಗ ಬೆನ್ನಲ್ಲಿ ಚಳಿ ಹುಟ್ಟಿತು. ಕಿಟಕಿಯಲ್ಲಿ ಸುಡುಬಿಸಿಲು, ಅವಳ ಹಲ್ಲು ಕಟಕಟ. ಕಣ್ಣಿಲ್ಲದ ಆ ಮುಖಗಳೆಲ್ಲ ತನ್ನ ಕಾಲನ್ನೇ ನೋಡುತ್ತಿವೆ ಅನ್ನಿಸಿತು. ಕೂತುಕೊಳ್ಳೋಣ ಅಂದುಕೊಂಡಳು. ಅಲ್ಲಿಂದಾಚೆಗೆ ಅವಳಿಗೆ ಏನೂ ನೆನಪಿಲ್ಲ.

ಸಂಜೆ ಬಿಸಿಲು ಇರುವಾಗಲೇ ಯಜಮಾನರು ಮರಳಿದರು. ಬಾಗಿಲು ತೆರೆದವರು ಹೊಸ್ತಿಲಲ್ಲೇ ನಿಂತುಬಿಟ್ಟರು.

ಸಾಲಿನ ಪ್ರತಿಯೊಂದು ಬೊಂಬೆಯ ಎಡಗಾಲಿಗೂ ಕೆಂಪು ಬಣ್ಣ ಬಿದ್ದಿತ್ತು. ಚೆಲ್ಲಿದ್ದಲ್ಲ, ನುಣ್ಣಗೆ, ಪದರಪದರವಾಗಿ, ಕೈ ನಡುಗದೆ ಬಳಿದದ್ದು. ಸುತ್ತಲೂ ಪೆನ್ನಿನ ಗೆರೆ. ಮೊದಲನೆಯದಕ್ಕೆ ಹರಡಿನ ಮೇಲೆ ಅಂಗೈಯಗಲ. ಪಕ್ಕದ್ದಕ್ಕೆ ಕೊಂಚ ಮೇಲೆ. ಮುಂದಿನದಕ್ಕೆ ಮೊಣಕಾಲು. ಹೀಗೆ ಒಂದರಿಂದ ಒಂದಕ್ಕೆ ಏರುತ್ತ, ತೊಡೆ, ಸೊಂಟ, ಎದೆ. ಗೋಡೆಯ ಕೊನೆಯ ಬೊಂಬೆಗೆ ಗಲ್ಲದವರೆಗೂ ಕೆಂಪು. ಮಿಕ್ಕ ಬೊಂಬೆಗಳಿಗೆ ತೆರೆದ ಕಣ್ಣು ಬರೆದಿತ್ತು. ಈ ಕೊನೆಯದಕ್ಕೆ ಮುಚ್ಚಿದ ಕಣ್ಣು.

ಅದರ ಪಾದದ ಬಳಿ ಅವಳು ಕುಳಿತಿದ್ದಳು, ಕುಂಚ ಹಿಡಿದು, ಗಡಗಡ ನಡುಗುತ್ತ.

"ಬಣ್ಣದಕ್ಕಾ! ಏನಮ್ಮಾ ಇದು?"

"ಇಲ್ಲಿಗೆ ಮುಗೀತು," ಅಂದಳಂತೆ. "ಮೇಲೆ ಜಾಗ ಇಲ್ಲ."

ಯಜಮಾನರು ಅವಳನ್ನು ಎತ್ತಿ ವ್ಯಾನಿನಲ್ಲಿ ಮಲಗಿಸಿ ದೊಡ್ಡಾಸ್ಪತ್ರೆಗೆ ಓಡಿಸಿದರು. ಬೂಟನ್ನು ಕತ್ತರಿಸಿ ತೆಗೆಯಬೇಕಾಯಿತು. ಕೆಂಪು ಡಾಕ್ಟರಮ್ಮನ ಗೆರೆ ದಾಟಿ ಮೊಣಕಾಲಿನ ಕೆಳಗೆ ಬಂದಿತ್ತು. ಮೂರನೆಯ ಬೊಂಬೆಗೆ ಎಲ್ಲಿತ್ತೋ, ಹೆಚ್ಚುಕಡಿಮೆ ಅಲ್ಲೇ.

ನರಕ್ಕೆ ಸೂಜಿ ಹಾಕಿ ಔಷಧ ಹರಿಸಿದರು. ಸುದ್ದಿ ತಿಳಿದು ಓಡಿಬಂದ ನಾದಿನಿ ಮಂಚದ ಪಕ್ಕ ಬೇರೂರಿದಳು. ಬೈಯಲು ಬಾಯಿ ತೆರೆದವಳಿಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಬೈದಳು.

ಜ್ವರ ಇಳಿದ ಮೇಲೆ ಯಜಮಾನರು ಎಲ್ಲವನ್ನೂ ಹೇಳಿದರು. ಅವಳು ನಂಬಲಿಲ್ಲ. ಆಸ್ಪತ್ರೆಯ ಡಾಕ್ಟರು, "ಸೋಂಕು ರಕ್ತಕ್ಕೆ ಹೋಗೋದ್ರಲ್ಲಿತ್ತು. ಅಂಥ ಜ್ವರದಲ್ಲಿ ಬುದ್ಧಿ ಸ್ಥಿಮಿತದಲ್ಲಿ ಇರಲ್ಲ, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತೆ," ಎಂದರು.

"ಆ ಕೊನೇದು?" ಅವಳು ಕೇಳಿದಳು. "ಅಷ್ಟು ಮೇಲೆ ಹೋಗುತ್ತೆ ಅಂತ ನನ್ನ ಕೈಗೆ ಯಾರು ಹೇಳಿದ್ರು?"

ಡಾಕ್ಟರು ಸೂಜಿಯ ನಳಿಗೆಯನ್ನು ಸರಿಮಾಡಿ, "ಹೋಗ್ಲಿಲ್ಲವಲ್ಲ," ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು.

ಮನೆಗೆ ಬಂದ ಮೇಲೆ ಮಾತ್ರೆಯನ್ನು ನಾದಿನಿಯೇ ಎಣಿಸಿ ಬಾಯಿಗೆ ಹಾಕಿದಳು, ಹೊಟ್ಟೆ ತುಂಬಿಸಿದ ಮೇಲೆಯೇ. ದಿಂಬಿನ ಮೇಲಿಂದ ಕಾಲು ಜಾರಿದರೆ, "ಮಹಾರಾಣಿಯವರ ಪಾದ ಕೆಳಗಿಳೀತು!" ಎಂದು ಗದರಿಸುತ್ತಿದ್ದಳು. ಚರ್ಮ ಹೊಟ್ಟಿನಂತೆ ಸುಲಿದು ಬಿತ್ತು. ಕಂದು ನೆರಳೊಂದು ಬಹಳ ಕಾಲ ಉಳಿಯಿತು.

ಅವಳು ಕೆಲಸಕ್ಕೆ ಮರಳಿದಾಗ ಯಜಮಾನರು ಬೊಂಬೆಗಳಿಗೆ ಗೋಣಿತಾಟು ಹೊದಿಸಿದ್ದರು. "ಒಡೆದು ಹಾಕೋಣಮ್ಮಾ," ಅಂದರು. ಅವಳು ಒಪ್ಪಲಿಲ್ಲ. ಕೆಂಪನ್ನೆಲ್ಲ ಉಜ್ಜಿ ತೆಗೆದು ಹೊಸದಾಗಿ ಮೈಬಣ್ಣ ಕೊಟ್ಟಳು. ಕೊನೆಯದರ ಕಣ್ಣನ್ನು ಎಲ್ಲಕ್ಕಿಂತ ಮೊದಲು ತೆರೆದಳು.

ಈಗ ಅವು ಆ ಹೊಸ ಅಂಗಡಿಯ ಗಾಜಿನ ಹಿಂದೆ ನಿಂತಿವೆ. ಅಲ್ಲಿಗೆ ಬಂದರೆ ನಾದಿನಿ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾಳೆ. ಬಣ್ಣದಕ್ಕ ಮಾತ್ರ ನಿಂತು ಒಂದೊಂದರ ಹರಡನ್ನೂ ನೋಡುತ್ತಾಳೆ. ಕೊನೆಯದಕ್ಕೆ ಅಂಗಡಿಯವರು ಹರಡು ಕಾಣದ ಹಾಗೆ ನೆಲ ಮುಟ್ಟುವ ಲಂಗ ಉಡಿಸಿದ್ದಾರೆ. ಯಾಕೆ ಅದಕ್ಕೊಂದಕ್ಕೇ ಹಾಗೆ ಅಂತ ಒಳಗೆ ಹೋಗಿ ಕೇಳಲು ಅವಳಿಗೆ ಇನ್ನೂ ಧೈರ್ಯ ಬಂದಿಲ್ಲ.