ಮಾವನ ಲಾರಿ ಸೋರಿದ ವಾರ

"ನಮ್ಮನೆ ಹಂದಿ ಕೈಗೆ ಸ್ಪ್ಯಾನರ್ ಕೊಟ್ಟಿದ್ರೂ ಇಷ್ಟು ಆಯಿಲ್ ಸೋರ್ತಿರ್ಲಿಲ್ಲ ಕಣೋ!"

ನೆಮಾನಿಗೆ ಅವನ ಸೋದರಮಾವ ಇಲೈತಿಯಾ ಈ ಮಾತು ಆಡಿದ್ದು ಗುರುವಾರ ಮಧ್ಯಾಹ್ನ, ಯಂಗೋನ ಎಂಬ ಬೇರಿನ ಪಾನೀಯದ ಬೋಗುಣಿಯ ಸುತ್ತ ಚಾಪೆ ಮೇಲೆ ಕೂತಿದ್ದ ಹನ್ನೆರಡು ಗಂಡಸರ ಎದುರಿಗೆ. ಎಲ್ಲರೂ ಹೋ ಎಂದು ನಕ್ಕರು. ಹೊರಗೆ ಮಾವಿನ ಮರದ ಕೆಳಗೆ ಮಾವನ ಹಳೇ ಲಾರಿ ನಿಂತಿತ್ತು. ಅದರ ಹೊಟ್ಟೆಯಡಿಯ ಮಣ್ಣಿನಲ್ಲಿ ಅಂಗೈಯಗಲದ ಕಪ್ಪು ಕಲೆ.

ನೆಮಾನಿ ತಲೆ ತಗ್ಗಿಸಿಕೊಂಡೇ ಇದ್ದ. ಇದೇ ಮಾತನ್ನು ಮಾವನ ಮಗ ಲೆಪಾನಿ ಆಡಿದ್ದರೆ ಎರಡರಷ್ಟು ಮಾಡಿ ಹಿಂದಿರುಗಿಸುತ್ತಿದ್ದ. ಭಾವಂದಿರು ಒಬ್ಬರನ್ನೊಬ್ಬರು ಹಂದಿ, ನಾಯಿ ಅನ್ನದೆ ನಾಲ್ಕು ದಿನ ಕಳೆದರೆ ಊರಿನವರು ಇವರಿಗೆ ಜಗಳವಾಗಿದೆಯೇನೋ ಎಂದು ವಿಚಾರಿಸಿಕೊಳ್ಳಲು ಬರುತ್ತಾರೆ. ಆದರೆ ಅಮ್ಮನ ಒಡಹುಟ್ಟಿದ ಅಣ್ಣ ಬೈದರೆ ಕೇಳಿಸಿಕೊಳ್ಳಬೇಕು, ಅಷ್ಟೇ. ಎದುರು ಮಾತಾಡಿದರೆ ಊರು ಮಾವನನ್ನಲ್ಲ, ನೆಮಾನಿಯ ಅಮ್ಮನನ್ನು ಆಡಿಕೊಳ್ಳುತ್ತದೆ.

ಮಾವ ಬಿಡಲಿಲ್ಲ. "ಹೋದ ತಿಂಗಳು ಮೂರು ದಿನ ಲಾರಿ ಕೆಳಗೇ ಮಲಗಿದ್ದ. ಗೇರ್ ಬಾಕ್ಸ್ ಇಳಿಸ್ದ, ಹೊಸ ಸೀಲ್ ಹಾಕ್ದ. ಏನಾಯ್ತು? ಮೊದಲಿಗಿಂತ ಜಾಸ್ತಿ! ನಾಲ್ಕನೇ ಫಾರಂಗೇ ಸ್ಕೂಲ್ ಬಿಟ್ಟೋನ ಕೈಗೆ ಎಂಜಿನ್ ಕೊಟ್ಟಿದ್ದು ನಂದೇ ತಪ್ಪು. ಕೇಳ್ಕೋ, ಶನಿವಾರ ಸಂತೆಗೆ ಹೊರಡೋ ಹೊತ್ತಿಗೆ ಒಂದೇ ಒಂದು ಹನಿ ಬಿದ್ರೂ, ಲಾರಿ ಪೇಟೆ ಗ್ಯಾರೇಜಿಗೆ. ನಾನು ಕೊಟ್ಟ ಸ್ಪ್ಯಾನರ್ ಪೆಟ್ಟಿಗೆ ನನ್ನ ಅಟ್ಟಕ್ಕೆ. ನೀನು ಕೆಸುವಿನ ತೋಟಕ್ಕೆ."

ಅಷ್ಟರಲ್ಲಿ ಯಂಗೋನ ತುಂಬಿದ ತೆಂಗಿನ ಚಿಪ್ಪು ನೆಮಾನಿಯ ಸರದಿಗೆ ಬಂತು. ವಾಡಿಕೆಯಂತೆ ಒಂದು ಚಪ್ಪಾಳೆ ತಟ್ಟಿದ, ಕುಡಿದ, ಮೂರು ಚಪ್ಪಾಳೆ ತಟ್ಟಿದ. ಮೂರನೆಯದು ಕೊಂಚ ಜೋರಾಗಿಯೇ ಬಿತ್ತು.

ಆ ಪೆಟ್ಟಿಗೆ ಹೋದರೆ ನೆಮಾನಿಯ ಹತ್ತಿರ ಏನೂ ಉಳಿಯುವುದಿಲ್ಲ. ಕೆಸು ನೆಡಲು ಊರಲ್ಲಿ ಎಲ್ಲರಿಗೂ ಬರುತ್ತದೆ. ಎಂಜಿನ್ನಿನ ಸದ್ದು ಕೇಳಿ ಅದಕ್ಕೆ ಎಲ್ಲಿ ನೋವು ಎಂದು ಹೇಳುವವನು ಈ ನದಿಯ ಎರಡೂ ದಡದಲ್ಲಿ ಅವನೊಬ್ಬನೇ. ಅಥವಾ ಅವನು ಹಾಗೆ ಅಂದುಕೊಂಡಿದ್ದ.

ಶುಕ್ರವಾರ ಬೆಳಗಾಗುತ್ತಲೇ ಬಾನೆಟ್ ಎತ್ತಿದ. ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಎಂಜಿನ್ನನ್ನು ಮೇಲಿನಿಂದ ಕೆಳಗಿನವರೆಗೆ ಉಜ್ಜಿದ, ಸೋಪಿನ ನೀರು ಹೊಯ್ದ, ಹಳೇ ಬಟ್ಟೆಯಲ್ಲಿ ಮೂಲೆಮೂಲೆಯನ್ನೂ ಒರೆಸಿದ. ಸಿಟ್ಟೆಲ್ಲ ಬ್ರಷ್ಷಿಗೆ ಇಳಿದಿತ್ತು. ಹತ್ತು ಗಂಟೆಗೆ ಕಬ್ಬಿಣ ಬೂದುಬಣ್ಣಕ್ಕೆ ಬಂತು. ಆಮೇಲೆ ಮಾವನ ಹೆಂಡತಿ ವಾಸಿತಿ ಅತ್ತೆಯ ಹತ್ತಿರ ಪೌಡರ್ ಡಬ್ಬ ಕೇಳಿ ತಂದು, ಎಂಜಿನ್ನಿನ ಹಿಂಭಾಗಕ್ಕೆಲ್ಲ ತೆಳ್ಳಗೆ ಉದುರಿಸಿದ.

ಲೆಪಾನಿ ಮರಗೆಣಸು ಮೆಲ್ಲುತ್ತ ಬಂದ. "ಏನೋ ಹಂದಿ, ಲಾರಿನ ಕುಣಿಸ್ತೀಯಾ ಇವತ್ತು? ಚೆನ್ನಾಗಿ ಕುಣಿಯೋರ ತಲೆ ಮೇಲೆ ಹಾಕೋ ಪೌಡರ್ ಅದು."

"ನಿನ್ನ ತಲೆ ಮೇಲೆ ಇದುವರೆಗೂ ಯಾರೂ ಹಾಕಿಲ್ವಲ್ಲ, ಅದಕ್ಕೇ ಉಳಿದಿತ್ತು. ಲಾರಿ ಹತ್ತು ಭಾವ, ಚರ್ಚ್ ದಿಣ್ಣೆವರೆಗೂ ಓಡಿಸ್ಕೊಂಡು ಬಾ. ಮೂರನೇ ಗೇರ್‌ನಲ್ಲೇ ಹತ್ತಿಸು."

ಲಾರಿ ಹೋಗಿ ಬರುವವರೆಗೆ ನೆಮಾನಿ ಮಾವಿನ ಬೇರಿನ ಮೇಲೆ ಕೂತು ಉಗುರಿನ ಕೊಳೆ ತೆಗೆದ. ಬಂದ ಕೂಡಲೇ ಕೆಳಗೆ ತೂರಿದ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಕಬ್ಬಿಣದ ಗೂಡಿನ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿದ. ಒಳಗೆ ಒಣ ಒಣ. ಅವನು ಹಾಕಿದ ಸೀಲ್ ಹಾಕಿದ ಹಾಗೇ ಇತ್ತು. ಹೊರಗೆ ಪೌಡರಿನ ಮೇಲೆ ಮಾತ್ರ ಕಂದು ಗೆರೆಯೊಂದು ಇಳಿದಿತ್ತು. ಬೆರಳಿಟ್ಟುಕೊಂಡು ಅದರ ಹಿಂದೆ ಮೇಲೆ ಮೇಲೆ ಹೋದ. ಗೆರೆ ಹೊರಟಿದ್ದು ಎಂಜಿನ್ನಿನ ನೆತ್ತಿಯಿಂದ, ಅದನ್ನು ಮುಚ್ಚಿದ ಟ್ಯಾಪೆಟ್ ಕವರಿನ ಹಿಂಬದಿಯ ಮೂಲೆಯಿಂದ. ಅಲ್ಲಿಂದ ಬೆನ್ನಿನ ಮೇಲೆ ಹರಿದು, ಗೂಡಿನ ಹೊರಮೈ ಬಳಸಿ, ಸೀಲಿನ ಕೆಳಗೇ ಬಂದು ತೊಟ್ಟಿಕ್ಕುತ್ತಿತ್ತು. ಕಳ್ಳ ಮೇಲೆ, ಗುರುತು ಕೆಳಗೆ.

"ಹಾಗಾದ್ರೆ ಮೇಲಿನ ಗ್ಯಾಸ್ಕೆಟ್ ಬದಲಾಯ್ಸು, ಮುಗೀತು," ಅಂದ ಲೆಪಾನಿ.

ನೆಮಾನಿ ಇನ್ನೂ ಟಾರ್ಚ್ ಆಡಿಸುತ್ತಿದ್ದ. ಆಯಿಲ್ ಅಳೆಯುವ ಕಡ್ಡಿಯ ಬುಡವೂ ಒದ್ದೆಯಾಗಿತ್ತು. ಮುಂದಿನ ಸೀಲೂ ಬೆವರಿತ್ತು. "ಮುದುಕನ ಹಲ್ಲು ಒಂದೇ ದಿನ ಮೂರು ಉದುರಲ್ಲ ಭಾವ. ಯಾರೋ ಗುದ್ದಿರ್ಬೇಕು. ಒಳಗಿಂದ ಏನೋ ತಳ್ತಾ ಇದೆ."

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದ. ಕುದಿಯುವ ಗಡಿಗೆಯ ಮುಚ್ಚಳದಂತೆ ಅದು ಕುಣಿಯಿತು, ಬಿಸಿ ಗಾಳಿ ಬುಸ್ಸೆಂದು ಮುಖಕ್ಕೆ ಬಡಿಯಿತು. ನೆಮಾನಿ ಮುಖ ಒರೆಸಿಕೊಂಡ. ಪಿಸ್ಟನ್ ರಿಂಗುಗಳು ಸವೆದಿದ್ದರೆ ಹೀಗಾಗುತ್ತದೆ. ಹಾಗಿದ್ದರೆ ಶನಿವಾರದೊಳಗೆ ಅವನ ಕೈಲಿ ಏನೂ ಆಗುವುದಿಲ್ಲ. ಮಾವ ಗೆದ್ದಂತೆ, ಪೆಟ್ಟಿಗೆ ಹೋದಂತೆ.

ಅವನು ಲಾರಿಯ ಹಿಂದೆ ಹೋಗಿ ಹೊಗೆ ನೋಡಿದ. ರಿಂಗ್ ಹೋದ ಎಂಜಿನ್ ನೀಲಿ ಹೊಗೆ ಉಗುಳಬೇಕು, ಇದು ಉಗುಳುತ್ತಿಲ್ಲ. ದಿಣ್ಣೆ ಹತ್ತಲು ಏದುಸಿರು ಬಿಡಬೇಕು; ಮೂರನೇ ಗೇರಿನಲ್ಲೇ ಹತ್ತಿ ಬಂದಿದೆ. ಒಳಗಿನ ಗಾಳಿ ಹೆಚ್ಚಾಗಿಲ್ಲದಿದ್ದರೆ, ಹೊರಗೆ ಹೋಗುವ ದಾರಿಯೇ ಕಟ್ಟಿರಬೇಕು.

ಎಂಜಿನ್ ಆರಿಸಿ ಮತ್ತೆ ಕೆಳಗೆ ಮಲಗಿದ. ಒಳಗಿನ ಹಬೆಯನ್ನು ಹೊರಗೆ ಬಿಡುವ ಬ್ರೀದರ್ ಪೈಪು ಪಕ್ಕದಿಂದ ಇಳಿದು ನೆಲಕ್ಕೆ ಬಾಯಿ ಮಾಡಿತ್ತು. ಅದರ ತುದಿಯಲ್ಲಿ ಕಣಜದ ಗೂಡಿನಂಥ ಒಣಗಿದ ಮಣ್ಣಿನ ಮುದ್ದೆ. ಹೋದ ತಿಂಗಳು ಮೂರು ದಿನ ಅದು ಅವನ ಮೂಗಿನ ಮುಂದೆಯೇ ಇತ್ತು. ಕೆಸರು ಎಂದುಕೊಂಡು ಬಿಟ್ಟಿದ್ದ. ಈಗ ಸ್ಕ್ರೂ ಡ್ರೈವರಿನಿಂದ ಮಣ್ಣು ಕೆತ್ತಿದ. ಒಳಗೆ ಬಟ್ಟೆ! ಪೈಪಿನ ಬಾಯಿಗೆ ತುರುಕಿ, ಮೇಲೆ ಮರದ ನಾರಿನಿಂದ ಮೂರು ಸುತ್ತು ಬಿಗಿದ ಗಂಟು.

ಹಸಿರು ಬಟ್ಟೆ, ಅದರ ಮೇಲೆ ಬಿಳಿ ದೀವಿಹಲಸಿನ ಎಲೆಗಳು. ಹೋದ ವರ್ಷದ ಈಸ್ಟರ್‌ಗೆ ಮಾವನ ಮನೆಯವರೆಲ್ಲ ಒಂದೇ ಥಾನಿನಲ್ಲಿ ಹೊಲಿಸಿಕೊಂಡಿದ್ದ ಬಟ್ಟೆ. ಲೆಪಾನಿಯ ಮೈಮೇಲೆ ಈಗಲೂ ಅದೇ ಅಂಗಿ ಇತ್ತು.

ಇಬ್ಬರೂ ಮುಖ ಮುಖ ನೋಡಿಕೊಂಡರು.

ಮಾರ್ಚ್ ತಿಂಗಳ ನೆರೆಯಲ್ಲಿ ಹೆರಿಗೆ ನೋವು ಬಂದಿದ್ದ ಹೆಂಗಸನ್ನು ಕೂರಿಸಿಕೊಂಡು ಮಾವ ನದಿ ದಾಟಿಸಿದ ಕತೆಯನ್ನು ಬೋಗುಣಿಯ ಸುತ್ತ ಕೇಳದವರಿಲ್ಲ. ನೀರು ಹೆಡ್‌ಲೈಟಿನವರೆಗೆ ಬಂದಿತ್ತು. "ಪೈಪಿನ ಬಾಯಿ ಕಟ್ದೆ, ದೇವ್ರನ್ನ ನೆನೆದೆ, ಮೊದಲ ಗೇರ್ ಹಾಕ್ದೆ, ಆಚೆ ದಡ ಮುಟ್ದೆ, ಜನ ಚಪ್ಪಾಳೆ ತಟ್ಟಿದ್ರು!" ಎಂಜಿನ್ನಿಗೆ ನೀರು ನುಗ್ಗದಿರಲಿ ಎಂದು ಹೊಳೆ ದಾಟುವಾಗ ಇಲ್ಲಿ ಎಲ್ಲರೂ ಪೈಪು ಕಟ್ಟುತ್ತಾರೆ, ದಡ ಸೇರಿದ ಕೂಡಲೇ ಬಿಚ್ಚುತ್ತಾರೆ. ಮಾವನ ಕತೆ ಮಾತ್ರ ಹತ್ತು ಸಲ ಕೇಳಿದರೂ ಚಪ್ಪಾಳೆಗೇ ಮುಗಿಯುತ್ತಿತ್ತು. ಬಿಚ್ಚಿದ ಮಾತು ಅದರಲ್ಲಿ ಒಮ್ಮೆಯೂ ಬಂದಿರಲಿಲ್ಲ. ಮೊದಲ ಸೋರಿಕೆ ಶುರುವಾದದ್ದೂ ಅದರ ಮುಂದಿನ ವಾರವೇ.

ಲೆಪಾನಿ ಹೊಟ್ಟೆ ಹಿಡಿದುಕೊಂಡು ಮಣ್ಣಿನಲ್ಲಿ ಹೊರಳಾಡಿದ. "ಇವತ್ತು ಸಂಜೆ ಇದನ್ನ ಕೋಲಿಗೆ ಕಟ್ಟಿ ಬೋಗುಣಿ ಮುಂದೆ ಬಾವುಟ ಹಾರಿಸೋಣ ಭಾವ!"

"ಬೇಡ."

"ಯಾಕೋ? ಎಲ್ರ ಮುಂದೆ ಹಂದಿ ಅಂದಿದ್ದು ಮರ್ತೋಯ್ತಾ?"

"ಮರ್ತಿಲ್ಲ. ಬಾಯ್ಮುಚ್ಕೊಂಡು ಆ ಬಿಸ್ಕತ್ ಡಬ್ಬದ ರಟ್ಟು ಕೊಡು ಇಲ್ಲಿ."

ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಒಳಗಿನ ಒತ್ತಡಕ್ಕೆ ಮೂಲೆಯಲ್ಲಿ ಹೊರಬಂದು ಹರಿದಿತ್ತು. ರಟ್ಟನ್ನು ಅದೇ ಅಳತೆಗೆ ಕತ್ತರಿಸಿ, ಆಯಿಲ್ಲಿನಲ್ಲಿ ನೆನೆಸಿ ಕೂರಿಸಿದ. ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ ಸ್ವಲ್ಪ ಸ್ವಲ್ಪವೇ ಬಿಗಿದ. ಪೈಪು ಕಳಚಿ ತೊಳೆದು, ಬಾಯಿಟ್ಟು ಊದಿದ. ಎಂಜಿನ್ ಓಡಿಸಿ ಮುಚ್ಚಳ ಸಡಿಲಿಸಿದರೆ ಅದು ಕೂತಲ್ಲೇ ಕೂತಿತ್ತು. ಮತ್ತೆ ಪೌಡರ್, ಮತ್ತೆ ಚರ್ಚ್ ದಿಣ್ಣೆ. ಪೌಡರ್ ಹಾಕಿದ ಹಾಗೇ ವಾಪಸ್ ಬಂತು.

ಶನಿವಾರ ಬೆಳಿಗ್ಗೆ ಲಾರಿಗೆ ಕೆಸುವಿನ ಗೆಡ್ಡೆಯ ಮೂಟೆಗಳು ಏರುತ್ತಿದ್ದವು. ಅರ್ಧ ಊರೇ ಅಲ್ಲಿತ್ತು. ಮಾವ ಎಲ್ಲರೂ ನೋಡುವಂತೆ ಮಂಡಿಯೂರಿ, ನೆಮಾನಿ ಹಿಂದಿನ ಸಂಜೆ ಲಾರಿಯ ಕೆಳಗೆ ಹಾಸಿದ್ದ ರಟ್ಟನ್ನು ಎಳೆದು ನೋಡಿದ. ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ. ಒಂದು ಹನಿಯೂ ಇರಲಿಲ್ಲ.

"ಅಂತೂ ನೀನು ಮಾಡಿದ ತಪ್ಪನ್ನ ನೀನೇ ತಿದ್ಕೊಂಡೆ," ಅಂದ ಮಾವ, ಜನರ ಕಡೆ ತಿರುಗಿ. "ಇರ್ಲಿ, ಪೆಟ್ಟಿಗೆ ನೀನೇ ಇಟ್ಕೋ. ಏನೋ ಆಗಿತ್ತು ಅದಕ್ಕೆ? ಹೇಳೋ, ಎಲ್ರೂ ಕೇಳ್ಲಿ."

ಲೆಪಾನಿ ಕೆಮ್ಮಿದ. ನೆಮಾನಿ ಬಾನೆಟ್ ಮುಚ್ಚಿ, ಪೆಟ್ಟಿಗೆಯ ಚಿಲಕ ಹಾಕಿದ. "ಗಾಡಿಲಿ ಕೂತ್ಕೋ ಮಾವ, ಹೊತ್ತಾಯ್ತು."

ಮಾವ ನಗುತ್ತಲೇ ಬಾಗಿಲು ತೆಗೆದು ಹತ್ತಿದ. ಡ್ರೈವರ್ ಸೀಟಿನ ಮೇಲೆ ಒಗೆದು ಮಡಿಸಿಟ್ಟ ಹಸಿರು ಬಟ್ಟೆಯ ತುಂಡಿತ್ತು. ಅದರ ಮೇಲೆ ಬಿಚ್ಚದೆ ಜಾರಿಸಿ ತೆಗೆದ ನಾರಿನ ಗಂಟು. ಮಾವ ಅದನ್ನು ಕೈಗೆತ್ತಿಕೊಂಡ. ನಗು ಅರ್ಧಕ್ಕೇ ನಿಂತಿತು. ಕಿವಿ ಕೆಂಪಾಯಿತು. ಹಿಂದೆ ಹೆಂಗಸರು ಕೂಗುತ್ತಿದ್ದರು, "ಹೊರಡಪ್ಪ, ಸಂತೆ ಮುಗಿಯುತ್ತೆ!"

ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿದ. ದನಿ ಕೆಳಗಿಳಿದಿತ್ತು. "ನೆಮಾನಿ... ಇದನ್ನ ಯಾರಿಗಾದ್ರೂ ಹೇಳಿದ್ಯೇನೋ?"

ನೆಮಾನಿ ಪೆಟ್ಟಿಗೆಯನ್ನು ಹೆಗಲಿಗೇರಿಸಿದ. ಪೇಟೆ ತಲುಪಲು ಲಾರಿಗೆ ಮೂರು ಗಂಟೆ ಬೇಕು. ಅಷ್ಟು ಹೊತ್ತೂ ಮಾವ ಯೋಚಿಸುತ್ತಿರಲಿ. ಅವನು ತಿರುಗಿ ನೋಡದೆ, ಮಾತಾಡದೆ, ನದಿಯ ಕಡೆ ಇಳಿಯುವ ದಾರಿ ಹಿಡಿದು ನಡೆದುಬಿಟ್ಟ.