ಬೆಣಚುಕಲ್ಲಿನ ಸುತ್ತು

ಪೊರಕೆಗೆಂದು ತೆಂಗಿನ ಗರಿ ಸವರಿ ಕಡ್ಡಿ ಬಿಡಿಸುತ್ತಿದ್ದಳು ವಿಮಲಮ್ಮ. ಅರ್ಧ ಹಿಡಿಯಷ್ಟಾಗಿತ್ತು. ಎದುರಿಗೆ ಕೂತಿದ್ದ ಸೊಸೆ ಭಾನುಪ್ರಿಯಾ ಮೊಬೈಲಿನಿಂದ ತಲೆ ಎತ್ತಿದಳು.

"ಅತ್ತೆ, ಇತಿಹಾಸ ಬಳಗದೋರು ಈ ತಿಂಗಳ ಕಾರ್ಯಕ್ರಮ ಹಾಕವ್ರೆ. ನಮ್ಮ ತೋಟಾನೂ ಐತೆ, ಕೇಳಿ."

ಅವಳು ಓದಿದಳು. ತಿಂಗಳ ಕೊನೆಗೆ ಹಾಲ್ಕುರಿಕೆ ಕಡೆಯ ವೀರಗಲ್ಲುಗಳನ್ನು ನೋಡಲು ಹೋಗುವುದು. ಮುಂದಿನ ವಾರ ತಿಪಟೂರಿನಲ್ಲಿ ಸಭೆ, ಹಳೆಯ ಕೆರೆತೂಬುಗಳ ಬಗ್ಗೆ ಮಾತು. ಅದಕ್ಕೂ ಮೊದಲು, ಈ ಭಾನುವಾರ ಬೆಳಿಗ್ಗೆ, ಕಾಡಸಿದ್ದಪ್ಪನವರ ತೋಟದಲ್ಲಿ ಕಂಡುಬಂದಿರುವ ಪ್ರಾಚೀನ ಕಲ್ಲುಸುತ್ತಿನ ಪರಿಶೀಲನೆ, ಮಣ್ಣು ಸರಿಸಿ ನೋಡಲಾಗುವುದು, ಉಪಾಹಾರವಿದೆ.

"ಉಪಾಹಾರ ಅಂದ್ರೆ ನಾವೇ. ಮಾವ ಒಪ್ಕೊಂಡು ಬಂದವ್ರೆ," ಎಂದು ಭಾನುಪ್ರಿಯಾ ನಕ್ಕಳು.

ವಿಮಲಮ್ಮನ ಕೈಯಲ್ಲಿದ್ದ ಕಡ್ಡಿ ನಡುವಿಗೆ ಮುರಿಯಿತು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಗರಿ ಎಳೆದುಕೊಂಡಳು.

ಆ ಸುತ್ತನ್ನು ಕಟ್ಟಿದವಳು ಅವಳೇ.

ಮದುವೆಯಾದ ಎರಡನೆಯ ವರ್ಷ, ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಮಗು ಅಳಲೇ ಇಲ್ಲ. ಗಂಡ ಕಾಡಸಿದ್ದಪ್ಪ ಕೊಬ್ಬರಿ ಹಾಕಲು ಮಂಡಿಗೆ ಹೋಗಿದ್ದ. ಅವನು ಬರುವಷ್ಟರಲ್ಲಿ ಅತ್ತೆ ಚಿಕ್ಕಗೌರಮ್ಮ ಮಗುವನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹೋಗಿ ತೋಟದಲ್ಲಿ ಇಟ್ಟು ಬಂದಿದ್ದಳು. ಅಂಥ ಕೂಸನ್ನು ಹೆಂಗಸರೇ ಮಣ್ಣು ಮಾಡುವುದು, ಜಾಗ ಗುರುತು ಮಾಡದಿರುವುದು, ತಾಯಿಗೆ ತೋರಿಸದಿರುವುದು ಆ ಮನೆಯ ಪದ್ಧತಿ. ತಾಯಿ ಅಲ್ಲಿಗೆ ಹೋಗಿ ಅತ್ತರೆ ಮುಂದಿನದು ನಿಲ್ಲುವುದಿಲ್ಲ ಎಂದು ನಂಬಿದ್ದರು. ಗಂಡ ಕೇಳಲಿಲ್ಲ. ಹೆರಿಗೆಯಲ್ಲಿ ಹೋದದ್ದನ್ನು ಗಂಡಸರು ಕೇಳುತ್ತಿರಲಿಲ್ಲ.

ಬಾಣಂತನ ಮುಗಿಸಿ ತೋಟಕ್ಕೆ ಹೋದ ದಿನ ಎಲ್ಲೆಡೆ ಹುಲ್ಲು ಒಣಗಿತ್ತು. ಒಂದು ಮರದ ಬುಡದಲ್ಲಿ ಮಾತ್ರ ಮಣ್ಣು ಹೊಸದಾಗಿತ್ತು. ವಿಮಲಮ್ಮ ಅಳಲಿಲ್ಲ. ತೆಂಗಿನ ತೋಟದಲ್ಲಿ ಒಂದು ಮರದಂತೆಯೇ ಇನ್ನೊಂದು. ಮಳೆ ಬಿದ್ದು ಉಳುಮೆಯಾದರೆ ಈ ಜಾಗ ತನಗೂ ಸಿಗುವುದಿಲ್ಲ ಎಂದು ಹೆದರಿದಳು. ಹೊಲದಿಂದ ಒಂದು ಬಿಳಿ ಬೆಣಚುಕಲ್ಲು ತಂದಿಟ್ಟಳು. ಆಮೇಲೆ ರಾಗಿ ಕಳೆ ಕೀಳುವಾಗ, ಅವರೆ ಬಿಡಿಸುವಾಗ, ನುಣುಪಾದ ಕಲ್ಲು ಕಂಡರೆ ಮಡಿಲಿಗೆ ಹಾಕಿಕೊಂಡು ಬರುತ್ತಿದ್ದಳು. ಮಗ ಬಸವಕುಮಾರ್ ಹುಟ್ಟಿದ ಮೇಲೂ ತಂದಳು. ಸುತ್ತು ಕೂಡಿಕೊಂಡಿತು. ಕಲ್ಲುಗಳು ಅರ್ಧಕ್ಕರ್ಧ ಮಣ್ಣಿಗಿಳಿದು ಹಾವಸೆ ಹಿಡಿದವು.

ಹೋದ ತಿಂಗಳು ಬಾವಿಯ ಹತ್ತಿರದ ಶಾಸನದ ಕಲ್ಲು ನೋಡಲು ಬಂದಿದ್ದ ಸೂರ್ಯಪ್ರಕಾಶ್ ಮೇಷ್ಟ್ರು ಈ ಸುತ್ತಿನ ಬಳಿ ನಿಂತುಬಿಟ್ಟರು, ಫೋಟೋ ತೆಗೆದುಕೊಂಡರು. ಬಳಗವನ್ನು ನಡೆಸುವವರು ಅವರೇ. "ಇದನ್ನ ಯಾರಾದ್ರೂ ಈಚೆಗೆ ಇಟ್ಟಿದ್ದಾ ಸಿದ್ದಪ್ಪನೋರೆ?"

"ಈಚೆಗಾ? ನಮ್ಮಜ್ಜನ ಕಾಲದಿಂದ್ಲೂ ಹಿಂಗೇ ಐತೆ ಕಣ್ರೀ ಮೇಷ್ಟ್ರೇ," ಎಂದಿದ್ದ ಕಾಡಸಿದ್ದಪ್ಪ. ಅವನಿಗೆ ತೋಟದಲ್ಲಿ ಇರುವುದೆಲ್ಲ ಅಜ್ಜನ ಕಾಲದ್ದು. ಮಜ್ಜಿಗೆ ಲೋಟ ಹಿಡಿದು ನಿಂತಿದ್ದ ವಿಮಲಮ್ಮ ಅದನ್ನು ಮೇಷ್ಟ್ರ ಕೈಗೆ ಕೊಟ್ಟಿದ್ದಳು. ನೋಡಿ ಹೋಗುತ್ತಾರೆ ಅಂದುಕೊಂಡಿದ್ದಳು.

ಭಾನುಪ್ರಿಯಾ ಕಾರ್ಯಕ್ರಮ ಓದಿ ಹೇಳಿದ ದಿನವೇ ಸಂಜೆ ಮೇಷ್ಟ್ರು ಗಂಡನ ಜೊತೆಯಲ್ಲೇ ಮನೆಗೆ ಬಂದರು. "ಅಮ್ಮಾ, ಉಪ್ಪಿಟ್ಟು ಸಾಕು. ತೊಂದ್ರೆ ತಗೋಬೇಡಿ."

"ಉಪ್ಪಿಟ್ಟಾ? ನಮ್ಮನೇಲಿ ಅಷ್ಟು ಬಡತನ ಬಂದಿಲ್ಲ ಬುಡಿ," ಎಂದ ಕಾಡಸಿದ್ದಪ್ಪ. "ತಟ್ಟೆ ಇಡ್ಲಿ ಮಾಡ್ತಾಳೆ. ಪೇಪರ್ನೋರೂ ಬತ್ತಾರಂತೆ ಕಣೇ."

ಕಾಫಿ ಕೊಡುತ್ತಾ ವಿಮಲಮ್ಮ ಕೇಳಿದಳು. "ಎಷ್ಟು ಆಳ ಅಗೀತೀರಿ ಮೇಷ್ಟ್ರೇ?"

"ಮೊಣಕಾಲುದ್ದ, ಅಷ್ಟೇ. ಏನಾದ್ರೂ ಕಂಡ್ರೆ ನಿಲ್ಲಿಸಿ ಇಲಾಖೆಗೆ ಬರೀತೀವಿ." ಅವರು ಲೋಟವನ್ನು ಕೈಯಲ್ಲೇ ತಿರುಗಿಸಿದರು. "ಹಿಂದಿನೋರು ಸಮಾಧಿ ಸುತ್ತ ಹೀಗೆ ಕಲ್ಲು ಇಡ್ತಿದ್ರು. ಇದು ತೀರಾ ಚಿಕ್ಕದು ನೋಡಿ. ನನಗನ್ಸುತ್ತೆ, ಯಾರೋ ತಾಯಿ ತನ್ನ ಕೂಸಿಗೆ ಇಟ್ಟಿರೋದು. ಎಷ್ಟು ಸಾವಿರ ವರ್ಷದ ಹಿಂದೋ, ಪಾಪ."

ಅವರ ಕಣ್ಣಲ್ಲಿ ನಿಜವಾದ ಮರುಕವಿತ್ತು. ಇಷ್ಟು ವರ್ಷಗಳಲ್ಲಿ ಆ ತಾಯಿಯನ್ನು ಪಾಪ ಅಂದವರು ಇವರೊಬ್ಬರೇ. ವಿಮಲಮ್ಮನಿಗೆ ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಅವರು ಖಂಡಿತ ಅಗೆಯುವುದಿಲ್ಲ. ಆದರೆ ಪಕ್ಕದಲ್ಲಿ ಗಂಡ ಕೂತಿದ್ದ, ಅಜ್ಜನ ಕಾಲದ ಮಾತನ್ನು ಊರಿಗೆಲ್ಲ ಹೇಳಿ ಬಂದಿದ್ದ. ಮಗು ಎಲ್ಲಿದೆ ಎಂದು ಒಮ್ಮೆಯೂ ಕೇಳದವನು ಈಗ ನಾಲ್ಕು ಜನರ ಎದುರು ಕೇಳಬೇಕಾಗುತ್ತಿತ್ತು. ತನ್ನ ಕೂಸು ಬಳಗದ ಮುಂದಿನ ಸಭೆಯಲ್ಲಿ ಒಂದು ಸ್ವಾರಸ್ಯದ ಮಾತಾಗುತ್ತಿತ್ತು.

"ಇರಬಹುದು," ಎಂದಳು.

ಕಾಡಸಿದ್ದಪ್ಪ ಮೇಷ್ಟ್ರನ್ನು ಬಸ್ಸಿಗೆ ಬಿಡಲು ಹೊರಟ. ವಿಮಲಮ್ಮ ಇಡ್ಲಿಗೆ ಅಕ್ಕಿ ಅಳೆಯಲು ಸೊಸೆಗೆ ಹೇಳಿ, ಅಟ್ಟದಿಂದ ಹುಲ್ಲು ತರುವ ಕುಕ್ಕೆ ಇಳಿಸಿ ಬಾಗಿಲ ಬಳಿ ಇಟ್ಟಳು.

"ಕುಕ್ಕೆ ಯಾಕತ್ತೆ ಈಗ?"

"ನಾಳೆ ಬೆಳಿಗ್ಗೆ ಬೇಗ ಹುಲ್ಲಿಗೆ ಹೋಗ್ಬೇಕು. ಭಾನುವಾರ ಪುರುಸೊತ್ತಾಗಲ್ಲ."

ಯಾರೂ ಏಳುವ ಮೊದಲೇ ಸುತ್ತಿನ ಕಲ್ಲುಗಳನ್ನು ಕಿತ್ತು ಕುಕ್ಕೆಗೆ ತುಂಬಬೇಕು. ಕಿತ್ತ ಕುಣಿಗಳನ್ನು ಸೋಗೆಯಿಂದ ಸವರಬೇಕು. ಕಲ್ಲುಗಳನ್ನು ಹೊಲದಲ್ಲಿ ಒಂದೊಂದು ಕಡೆ ಒಂದೊಂದು ಬಿಸಾಡಬೇಕು. ಹಾಗೆ ಮಾಡಿದರೆ ಮೇಷ್ಟ್ರಿಗೆ ಜಾಗ ಸಿಗುವುದಿಲ್ಲ. ಅವರ ಫೋಟೋದಲ್ಲೂ ಎಲ್ಲ ಮರಗಳೂ ಒಂದೇ. ನಾಲ್ಕು ಮಳೆ ಕಳೆದರೆ ತನಗೂ ಸಿಗದಿರಬಹುದು.

ಅವಳು ಮತ್ತೆ ಕೂತು, ಉಳಿದ ಗರಿಗಳನ್ನು ಸವರಿ, ಪೊರಕೆಯನ್ನು ಬಿಗಿಯಾಗಿ ಕಟ್ಟಿದಳು.