ಬೆಳಕಿನ ರಾಟೆ

ಹಿತ್ತಾಳೆ ದೀಪದ ಬುಡ ನೆಲಕ್ಕೆ ತಗುಲಿ ಜರುಗಿದ ಸದ್ದು. ಚಿಕ್ಕದು, ಒಂದೇ ಸಲ. ಒಳಕೋಣೆಯಲ್ಲಿ ಚಾಪೆಯ ಮೇಲೆ ಒರಗಿದ್ದ ತನುಜ ತಟ್ಟನೆ ಕಣ್ಣುಬಿಟ್ಟಳು. ಹೊರಗೆ ಶಾಮಿಯಾನದ ಕೆಳಗೆ ಗಂಡಸರ ಮಾತು ನಿಂತು ಬಹಳ ಹೊತ್ತಾಗಿತ್ತು. ನಡುಮನೆಯಲ್ಲಿ ಐಸ್ ಪೆಟ್ಟಿಗೆಯ ಮೋಟರು ಗುಂಯ್‌ಗುಡುತ್ತಿತ್ತು. ಅದರೊಳಗೆ ಅವಳ ಅಪ್ಪ ನಲ್ಲಪ್ಪ ಮಲಗಿದ್ದರು.

ದೀಪ ಆರಿತೇನೋ ಎಂದು ಅವಳಿಗೆ ಗಾಬರಿ. ಮಣ್ಣಾಗುವವರೆಗೂ ತಲೆದೆಸೆಯ ದೀಪ ಆರಬಾರದೆಂದು ದೊಡ್ಡಪ್ಪ ಸಂಜೆಯಿಂದ ಎಷ್ಟು ಸಲ ಹೇಳಿದ್ದರೋ. ಎದ್ದು ಬಂದು ಬಾಗಿಲ ಸಂದಿಯಲ್ಲಿ ಇಣುಕಿದಳು.

ದೀಪ ಉರಿಯುತ್ತಿತ್ತು. ಅಮ್ಮ ಗಂಗುಲಮ್ಮ ಅದರ ಮುಂದೆ ಮಂಡಿಯೂರಿ ಕೂತಿದ್ದರು. ದೀಪವನ್ನು ಅದರ ಜಾಗದಿಂದ ಸರಿಸಿ, ಪಕ್ಕದಲ್ಲಿ ಮಣೆಯ ಮೇಲಿದ್ದ ಗಾಜಿನ ಬುರುಡೆಗೆ ಒತ್ತಿದಂತೆ ಇಟ್ಟಿದ್ದರು. ಬುರುಡೆಯೊಳಗೆ ಸೂಜಿಯ ಮೊನೆಯ ಮೇಲೆ ನಿಂತ ನಾಲ್ಕು ಪುಟ್ಟ ರೆಕ್ಕೆಗಳು ಮೊದಲು ನಡುಗಿ, ಆಮೇಲೆ ಮೆಲ್ಲನೆ ತಿರುಗತೊಡಗಿದವು. ಅಮ್ಮ ಅದನ್ನೇ ನೋಡುತ್ತ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ದೀಪವನ್ನು ಈ ಸಲ ಸದ್ದಾಗದಂತೆ ಎತ್ತಿ ಮೊದಲಿನ ಜಾಗದಲ್ಲಿಟ್ಟರು. ರೆಕ್ಕೆಗಳು ನಿಂತವು. ಸೆರಗು ಹೊದ್ದು ಪೆಟ್ಟಿಗೆಯ ಪಕ್ಕದಲ್ಲೇ ಮಗ್ಗುಲಾದರು.

ನಾಳೆ ಅಪ್ಪನ ಜೊತೆ ಮಣ್ಣಿಗೆ ಹೋಗುವ ಬುರುಡೆಯನ್ನು ಕೊನೆಯ ಸಲ ನೋಡಿಕೊಂಡರು ಎಂದುಕೊಂಡ ತನುಜ ಹಿಂದಕ್ಕೆ ಸರಿದಳು.

*

ಅವರ ಕಡೆ ಒಂದು ಪದ್ಧತಿ. ಬದುಕಿದ್ದಾಗ ಕೈಬಿಡದೆ ಇಟ್ಟುಕೊಂಡ ಸಾಮಾನು ಗುಂಡಿಯಲ್ಲೂ ಬಲಗೈಯ ಪಕ್ಕ ಇರಬೇಕು. ಅಜ್ಜಿಯ ಎಲೆಯಡಿಕೆ ಸಂಚಿ ಹಾಗೆಯೇ ಹೋಯಿತು, ಚಿಕ್ಕತಾತನ ರೇಡಿಯೊ ಹಾಗೆಯೇ ಹೋಯಿತು. ನಲ್ಲಪ್ಪನವರದು ಯಾವುದು ಎಂದು ಯಾರೂ ಯೋಚಿಸಬೇಕಾಗಿರಲಿಲ್ಲ. ನಿನ್ನೆ ಸಂಜೆ ದೊಡ್ಡಪ್ಪ ಆವುಲಪ್ಪನವರು ತಾವೇ ಆ ಬುರುಡೆಯನ್ನು ಅಡುಗೆಮನೆಯ ಕಿಟಕಿಯಿಂದ ತಂದು ಮಣೆಯ ಮೇಲಿಟ್ಟು, "ಇವನ್ದು ಇದೇ ಕಣ್ರಪ್ಪ. ಇವನ ಕೈ ಚೀಲದಲ್ಲಿ ಇದಿಲ್ದೆ ಇದ್ದ ದಿನಾನ ನಾನು ನೋಡಿಲ್ಲ," ಎಂದಿದ್ದರು. ತನುಜಳ ತಮ್ಮ ಮಧುಸೂದನ್ ತಲೆಯಾಡಿಸಿದ್ದ. ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿ ಅವನಿಗೆ ಕೆಲಸ. ದೊಡ್ಡವರ ಮಾತಿಗೆ ಎದುರಾಡುವ ಅಭ್ಯಾಸ ಅವನಿಗಿರಲಿಲ್ಲ. ಅಮ್ಮ ಸೌದೆ ಒಲೆಯ ಕಡೆ ನೋಡುತ್ತ ನಿಂತಿದ್ದರು, ಅಷ್ಟೇ.

ಬೆಳಗ್ಗೆ ಜನ ಸೇರಿದರು. ಹೆಂಗಸರು ನಡುಮನೆಯಲ್ಲಿ, ಗಂಡಸರು ಬಾಗಿಲ ಹೊರಗೆ. ಅತ್ತು ಮುಗಿದ ಮೇಲೆ ಮಾತು ತಾನಾಗಿ ಅಪ್ಪ ಕೊಟ್ಟ ಗಿಫ್ಟುಗಳ ಕಡೆ ತಿರುಗಿತು.

"ನಮ್ಮ ಮದುವೆಗೆ ಚಿಕ್ಕಪ್ಪ ಏನು ಕೊಟ್ರು ಹೇಳು," ಎಂದಳು ಆವುಲಪ್ಪನವರ ಮಗಳು ಹರಿತಾ. "ದಾರದಲ್ಲಿ ನೇತಾಕಿರೋ ಐದು ಸ್ಟೀಲ್ ಗುಂಡು. ಈ ಕಡೇದು ಎತ್ತಿ ಬಿಟ್ರೆ ಆ ಕಡೇದು ಎಗರುತ್ತೆ. ಬೇರೆಯವರೆಲ್ಲ ಕುಕ್ಕರು, ಡಿನ್ನರ್ ಸೆಟ್ಟು. ನಮ್ಮತ್ತೆ ಎಲ್ಲರ ಮುಂದೆ, ಇದನ್ನ ಯಾವ ದೇವರಿಗೆ ಕಟ್ಟೋದಮ್ಮ ಅಂತ ಕೇಳಿದ್ರು."

"ಆಮೇಲೆ?"

"ಆಮೇಲೇನು, ಈಗ ಅವರೇ ಟೀವಿ ಮುಂದೆ ಕೂತು ಟಕಟಕ ಅಂತ ಆಡಿಸ್ತಾರೆ. ಮುಟ್ಟಿದ್ರೆ ಬೈತಾರೆ."

ಹೊಸಿಲ ಆಚೆ ಕುರ್ಚಿಯಲ್ಲಿದ್ದ ಚೆನ್ನರಾಯಪ್ಪ ಗಂಟಲು ಸರಿಮಾಡಿಕೊಂಡರು. ಚಿಂತಾಮಣಿಯ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅಪ್ಪನ ಅಂಗಡಿಗೆ ಅಂಟಿಕೊಂಡ ಬಳೆ ಅಂಗಡಿ ಅವರದು. "ನಂಗೆ ನೀರು ಕುಡಿಯೋ ಹಕ್ಕಿ ಕೊಟ್ಟಿದ್ನಮ್ಮ. ಗಾಜಿಂದು. ಲೋಟದ ಮುಂದೆ ಇಟ್ರೆ ಬಗ್ಗೋದು, ಏಳೋದು, ಬಗ್ಗೋದು, ಏಳೋದು. ನಮ್ಮ ಮನೆಯೋಳು ನೋಡಿ, ಸಂಜೆ ಆದ್ರೆ ನೀವೂ ಹಿಂಗೇ ಅಲ್ವಾ ಅಂದ್ಲು."

ನಗು ಬಂದವರು ಸೆರಗು ಬಾಯಿಗೆ ಒತ್ತಿಕೊಂಡರು. ಆವುಲಪ್ಪನವರು ಕೂಡ ಮೀಸೆಯಡಿ ನಕ್ಕು, "ಏಮಪ್ಪಾ, ಹೆಣದ ಮುಂದೆ ಇದೆಲ್ಲ," ಎಂದು ಗದರಿದರು.

"ಅವನಿದ್ದಿದ್ರೆ ಅವನೇ ಮೊದಲು ನಗ್ತಿದ್ದ, ಬಿಡಿ," ಎಂದರು ಚೆನ್ನರಾಯಪ್ಪ.

ತನುಜ ನಗುವವರನ್ನಲ್ಲ, ಅಮ್ಮನನ್ನು ನೋಡುತ್ತಿದ್ದಳು. ಅಮ್ಮ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಹೊಸ ಬತ್ತಿಗಳನ್ನು ಹೊಸೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಒಂದು ದೀಪಕ್ಕೆ ಅಷ್ಟು ಬತ್ತಿ ಏಕೆ ಎಂದು ತನುಜಳಿಗೆ ಅನ್ನಿಸಿತು.

*

ಅಪ್ಪನ ಅಂಗಡಿಯಲ್ಲಿ ಎಲ್ಲ ಗಿಫ್ಟ್ ಅಂಗಡಿಗಳಲ್ಲಿ ಇರುವುದೇ ಇತ್ತು. ಗೋಡೆ ಗಡಿಯಾರ, ದೇವರ ಪಟ, ಪ್ಲಾಸ್ಟಿಕ್ ಹೂವು. ಆದರೆ ಗಲ್ಲಾದ ಹಿಂದಿನ ಒಂದು ಗೂಡು ಮಾತ್ರ ಬೇರೆ. ಸೆಕೆಯಾದರೆ ಬಣ್ಣದ ಗುಂಡುಗಳು ಒಂದೊಂದಾಗಿ ಕೆಳಗಿಳಿಯುವ ಗಾಜಿನ ಕೊಳವೆ, ಮರಳು ಸುರಿದಷ್ಟೂ ಹೊಸ ಬೆಟ್ಟ ಮೂಡುವ ಚೌಕಟ್ಟು, ಗೆರೆ ಮೀರಿ ನೀರು ತುಂಬಿದರೆ ಪೂರ್ತಿ ಖಾಲಿಯಾಗುವ ಬಿಳಿ ಪಿಂಗಾಣಿ ಲೋಟ. ಓದುವ ಹುಡುಗನಿಗೆ ಏನಾದರೂ ಕೊಡಿ ಎಂದು ಬಂದವರನ್ನು ಅಪ್ಪ ಮೊದಲು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಅವರು ಕೊನೆಗೆ ಪೆನ್ ಸ್ಟ್ಯಾಂಡ್ ಕೊಂಡು ಹೋಗುತ್ತಿದ್ದರು. ಮಾರಾಟವಾಗದ್ದು ನೆಂಟರ ಮದುವೆಗಳಿಗೆ ಹೋಗುತ್ತಿತ್ತು.

ಈಚೆಗೆ ಕಾಲೇಜು ಮಕ್ಕಳು ಮೊಬೈಲಿನಲ್ಲಿ ಚಿತ್ರ ತೋರಿಸಿ ಚಂದ್ರನ ಲ್ಯಾಂಪು, ಗಾಳಿಯಲ್ಲಿ ತೇಲುವ ಭೂಗೋಳ ಎಂದು ಕೇಳಿಕೊಂಡು ಬರತೊಡಗಿದ್ದರು. ಅಪ್ಪ ತರಿಸಿಕೊಟ್ಟರು. ಆದರೆ ಅವರಿಗೆ ಅವು ಹಿಡಿಸಲಿಲ್ಲ. "ಸೆಲ್ ಹಾಕಬೇಕು, ಚಾರ್ಜಿಗೆ ಇಡಬೇಕು ಅಂದ್ರೆ ಅದು ಗಿಫ್ಟಲ್ಲ ಕಣಮ್ಮ. ಸಾಕೋ ಜವಾಬ್ದಾರಿ," ಎನ್ನುತ್ತಿದ್ದರು.

ಬುರುಡೆ ಆ ಗೂಡಿನದಲ್ಲ. ಅಂಗಡಿ ತೆರೆದ ದಿನ ಅಪ್ಪ ಅದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಅಮ್ಮನ ಕೈಗಿಟ್ಟಿದ್ದರಂತೆ. ಪೂಜೆಗೆ ಬಂದಿದ್ದ ಓರಗಿತ್ತಿಯರು, ನಾದಿನಿಯರು ಓಲೆಯೋ ಬಳೆಯೋ ಇರಬೇಕೆಂದು ಸುತ್ತ ಕವಿದುಕೊಂಡರು. ಒಳಗಿಂದ ಬಂದದ್ದು ಗಾಳಿ ತೆಗೆದು ಬಾಯಿ ಮುಚ್ಚಿದ ಗಾಜಿನ ಬುರುಡೆ. ಒಳಗೆ ಒಂದು ಮೈ ಕಪ್ಪು, ಒಂದು ಮೈ ಬೆಳ್ಳಿಯ ನಾಲ್ಕು ರೆಕ್ಕೆ. ಅಪ್ಪ ಅದನ್ನು ಬೆಳಕಿನ ರಾಟೆ ಎಂದರು. ಅಮ್ಮನಿಗೆ ಎಲ್ಲರೆದುರು ಮುಖ ಕೆಂಪಾಯಿತು. "ತಿನ್ನೋಕಾ, ಉಡೋಕಾ? ನಿಮ್ಮ ಅಂಗಡೀಲೇ ಇಟ್ಕೊಳ್ಳಿ," ಎಂದುಬಿಟ್ಟರು. ಆ ಮಾತು ಮನೆತನದಲ್ಲಿ ಗಾದೆಯಾಯಿತು. ಕೆಲಸಕ್ಕೆ ಬಾರದ್ದು ಏನು ಕಂಡರೂ ಹೆಂಗಸರು "ತಿನ್ನೋಕಾ, ಉಡೋಕಾ" ಎಂದು ನಗುತ್ತಿದ್ದರು. ಅಮ್ಮ ಆ ಮಾತನ್ನು ಎಂದೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಪ್ಪ ಅದನ್ನು ಅಂಗಡಿಯ ಮೇಜಿನ ಮೇಲಿಟ್ಟರು. ಟ್ಯೂಬ್‌ಲೈಟಿನ ಕೆಳಗೆ ಅದು ಅಲುಗುತ್ತಲೇ ಇರಲಿಲ್ಲ. ಸಂಜೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟು ಮನೆಗೆ ತರುವರು. ಬೆಳಗ್ಗೆ ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿಡುವರು. ಅಮ್ಮ ಮುದ್ದೆ ತಿರುವಿ ಮುಗಿಸುವವರೆಗೂ ಅದು ಎಳೆಬಿಸಿಲಲ್ಲಿ ತಿರುಗುತ್ತಿತ್ತು. ಆಮೇಲೆ ಮತ್ತೆ ಚೀಲ, ಮತ್ತೆ ಅಂಗಡಿ. ನೋಡಿದವರೆಲ್ಲ ನಲ್ಲಪ್ಪನಿಗೆ ಅದರ ಹುಚ್ಚು ಎಂದರು. ಅಪ್ಪ ಏಳುವ ಮೊದಲೇ ಅಮ್ಮ ಗೊಣಗುತ್ತ ಕಿಟಕಿಯಿಂದ ಈರುಳ್ಳಿ ಬುಟ್ಟಿ ತೆಗೆದು ಜಾಗ ಮಾಡಿಡುತ್ತಿದ್ದುದನ್ನು ಕಂಡವಳು ತನುಜ ಒಬ್ಬಳೇ.

ಅವಳು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಕರೆಂಟು ಹೋಗಿತ್ತು. ಅಪ್ಪ ಬುರುಡೆಯನ್ನು ಎಣ್ಣೆ ದೀಪದ ಪಕ್ಕ ಇಟ್ಟರು. ಅದು ತಿರುಗಿತು. "ಸೂರ್ಯನೇ ಬೇಕು ಅಂತಿಲ್ಲ. ಕಾವಿರೋ ಬೆಳಕು ಸಾಕು. ಕಪ್ಪು ಮೈ ಬೇಗ ಕಾಯುತ್ತೆ, ಅದೇ ತಳ್ಳಿಸಿಕೊಂಡು ಹಿಂದಕ್ಕೆ ಹೋಗುತ್ತೆ," ಎಂದು ಅವಳಿಗೆ ವಿವರಿಸಿದರು.

ಒಲೆಯ ಕಡೆ ತಿರುಗಿದ್ದ ಅಮ್ಮ ಹಾಗೇ ಕೇಳಿದರು, "ಕಾದ ಹೆಂಚಿನ ಹತ್ರ ಇಟ್ರೂ ತಿರುಗುತ್ತಾ?"

ಅಪ್ಪ ಎದ್ದೇ ನಿಂತರು. "ತಿರುಗುತ್ತೆ ಗಂಗೂ. ತಿರುಗಲೇಬೇಕು."

"ನಂಗೇನಾಗಬೇಕು. ದಾರೀಗೆ ಅಡ್ಡ ಇಟ್ಟಿದ್ದೀರಿ, ತೆಗೀರಿ," ಎಂದರು ಅಮ್ಮ.

*

ಮಧ್ಯಾಹ್ನ ಚಟ್ಟ ಸಿದ್ಧವಾಯಿತು. ಪೆಟ್ಟಿಗೆಯ ಮೋಟರು ನಿಲ್ಲಿಸಿದ ಮೇಲೆ ಮನೆ ಇದ್ದಕ್ಕಿದ್ದಂತೆ ಮೌನವಾದಂತೆ ಅನ್ನಿಸಿತು. ಫ್ಯಾನು ಮೊದಲೇ ಆರಿಸಿದ್ದರು. ಬಾಗಿಲಿಗೆ ಶಾಮಿಯಾನದ ಪರದೆ ಇದ್ದುದರಿಂದ ಒಳಗೆ ಮಬ್ಬು.

ಹೆಗಲು ಕೊಡುವವರು ಒಳಗೆ ಬಂದಾಗ ಗಂಗುಲಮ್ಮ, "ತಾಳ್ರಪ್ಪ, ಯಾರದಾದ್ರೂ ಕಾಲು ತಗುಲಿ ದೀಪ ಆರೀತು," ಎಂದು ದೀಪವನ್ನು ಎರಡೂ ಕೈಯಲ್ಲಿ ಎತ್ತಿ ಮಣೆಯ ಮೇಲಿಟ್ಟರು. ದೀಪದಲ್ಲಿ ಈಗ ಬತ್ತಿಗಳ ಒಂದು ಗೊಂಚಲೇ ಉರಿಯುತ್ತಿತ್ತು. ಯಾರಿಗೂ ಅದು ವಿಚಿತ್ರವೆನ್ನಿಸಲಿಲ್ಲ. ಮಣೆಯ ಮೇಲೆ ಇನ್ನೆಲ್ಲಿ ಜಾಗವಿತ್ತು? ಒಂದು ಕಡೆ ಹೂವಿನ ತಟ್ಟೆ, ಒಂದು ಕಡೆ ಬುರುಡೆ, ನಡುವೆ ದೀಪ. ಅಮ್ಮ ಅದರ ಮುಂದೆ ಕೈಮುಗಿದು ನಿಂತರು. ಗಂಡನನ್ನು ಎತ್ತುತ್ತಿದ್ದಾಗಲೂ ಅತ್ತ ತಿರುಗಲಿಲ್ಲ.

ರಾತ್ರಿ ತಾನು ನೋಡಿದ್ದು ಕೊನೆಯ ನೋಟವಲ್ಲ, ಪರೀಕ್ಷೆ ಎಂಬುದು ತನುಜಳಿಗೆ ಈಗ ತಿಳಿಯಿತು.

ಹೆಣ ಬಾಗಿಲು ದಾಟಿತು. "ಅದೊಂದು ತಗೊಂಡ್ರೆ ಹೊರಡಣ," ಎನ್ನುತ್ತ ಆವುಲಪ್ಪನವರು ಬುರುಡೆಗೆ ಕೈ ಚಾಚಿದರು. ಕೈ ನಡುವೆಯೇ ನಿಂತಿತು.

ರೆಕ್ಕೆಗಳು ತಿರುಗುತ್ತಿದ್ದವು. ಮೊದಲು ಒಂದೊಂದಾಗಿ ಲೆಕ್ಕ ಸಿಗುವಂತೆ, ಆಮೇಲೆ ಕಪ್ಪು ಬಿಳುಪು ಕೂಡಿಹೋಗುವಂತೆ.

"ಅಯ್ಯೋ ಶಿವನೇ," ಎಂದರು ಒಬ್ಬರು.

"ದೀಪದ ಗಾಳಿಗಾ?" ಎಂದಳು ಹರಿತಾ.

ಚೆನ್ನರಾಯಪ್ಪ ಬಗ್ಗಿ ನೋಡಿದರು. "ಗಾಳಿ ಹೋಗಕ್ಕೆ ತೂತೆಲ್ಲೈತಮ್ಮ ಇದರಲ್ಲಿ? ಬಿಸಿಲಿಗೆ ತಿರುಗೋದು ನಾನು ದಿನಾ ನೋಡಿದೀನಿ. ಗಿರಾಕಿ ಬಂದ್ರೆ ಮುರುಗಮಲ್ಲದ ಬಸ್ಸಿಗೂ ಅಡ್ಡ ಹೋಗಿ ರಸ್ತೇಲಿ ಹಿಡ್ದು ತೋರಿಸೋನು. ಒಳಗೆ ಒಂದು ದಿನಾನೂ ಅಲ್ಲಾಡಿಲ್ಲ. ಇಲ್ಲಿ ಬಿಸಿಲೆಲ್ಲೈತೆ?"

ಹರಿತಾ ತಿರುಗಿದಳು. "ಅಕ್ಕ, ನೀನು ಫಿಸಿಕ್ಸ್ ಲೆಕ್ಚರರ್ರು. ನೀನೇ ಹೇಳು."

ಎಲ್ಲರೂ ತನುಜಳನ್ನು ನೋಡಿದರು. ಶಿಡ್ಲಘಟ್ಟದ ಕಾಲೇಜಿನಲ್ಲಿ ವರ್ಷವರ್ಷವೂ ಇದೇ ಪಾಠ ಮಾಡುವವಳು ಅವಳು. ಒಂದೇ ವಾಕ್ಯ ಸಾಕಿತ್ತು. ದೆವ್ವ, ಗಾಳಿ ಎಂದವರನ್ನು ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಗಂಟೆಗಟ್ಟಲೆ ತಿಳಿಹೇಳುತ್ತಿದ್ದ ಮನುಷ್ಯನ ಮನೆ ಇದು. ಅಮ್ಮ ಮಾತ್ರ ಅವಳ ಕಡೆ ನೋಡಲಿಲ್ಲ. ಮುಗಿದ ಕೈಗಳ ಬೆರಳ ತುದಿಗಳು ಬಿಳಿಚಿಕೊಂಡಿದ್ದವು.

"ಗಾಳಿಯಿಂದ ಅಲ್ಲ," ಎಂದಳು ತನುಜ.

ಅದು ಸುಳ್ಳಲ್ಲ. ಆವುಲಪ್ಪನವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಪಂಚೆಗೆ ಒರೆಸಿಕೊಂಡರು. ಅವರ ದನಿ ಇಳಿದಿತ್ತು. "ಅವನಿಗೆ ಇದನ್ನ ತಗೊಂಡು ಹೋಗೋ ಮನಸ್ಸಿಲ್ಲ. ಇಲ್ಲೇ ಇರ್ಲಿ. ಏನ್ ಗಂಗುಲಮ್ಮ, ಇಟ್ಕೊಂತೀಯಾ? ನಿಂಗೆ ಬೇಡದ ಸಾಮಾನು."

ಗಂಗುಲಮ್ಮ ಮುಗಿದ ಕೈ ಇಳಿಸಿದರು. "ದೊಡ್ಡೋರು ನೀವು ಹೇಳಿದ್ ಮೇಲೆ," ಎಂದರು.

ಬಲಗೈಯ ಪಕ್ಕ ಇಡಲು ಮಧುಸೂದನ್ ಅಪ್ಪನ ಕನ್ನಡಕ ತೆಗೆದುಕೊಂಡು ಹೋದ.

*

ಗಂಡಸರು ಮಣ್ಣಿಗೆ ಹೋದ ಮೇಲೆ ಹೆಂಗಸರು ಮನೆ ತೊಳೆದರು. ದೀಪ ಮತ್ತೆ ತಲೆದೆಸೆಯಿದ್ದ ಜಾಗಕ್ಕೆ ಬಂದಿತ್ತು. ಮಣ್ಣಿಗೆ ಹೋದವರು ಮರಳಿ ಬಂದು ಕಾಲು ತೊಳೆದು ಅದನ್ನು ನೋಡಿಯೇ ಹೋಗಬೇಕು. ಹರಿತಾ ಮತ್ತು ಉಳಿದವರು ಬಾವಿಕಟ್ಟೆಯ ಕಡೆ ಹೋದಾಗ ತನುಜ ಮಣೆಯ ಬಳಿ ಕೂತಳು. ದೀಪದಲ್ಲಿ ಆಗಲೇ ಒಂದೇ ಬತ್ತಿ ಇತ್ತು, ಅದೂ ಬುರುಡೆಯಿಂದ ದೂರದಲ್ಲಿ. ಉಳಿದವನ್ನು ಅಮ್ಮ ಯಾವಾಗ ತೆಗೆದರೋ.

ಆದರೆ ಬುರುಡೆಯ ಒಂದು ಮಗ್ಗುಲಲ್ಲಿ ಮಸಿ ಹಿಡಿದಿತ್ತು. ದೀಪದ ನಾಲಗೆ ನೆಕ್ಕಿದಷ್ಟು ಅಗಲ, ಮೇಲಕ್ಕೆ ಚೂಪಾಗಿ. ಬಗ್ಗಿ ನೋಡಿದ ಯಾರಿಗಾದರೂ ಎಲ್ಲ ತಿಳಿದುಹೋಗುತ್ತಿತ್ತು.

ಅವಳು ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಒರೆಸತೊಡಗಿದಳು. ಹಿಂದಿನಿಂದ ಅಮ್ಮನ ದನಿ ಬಂತು.

"ಬಿಸಿ ಗಾಜಿಗೆ ತಣ್ಣೀರು ಹಚ್ಚಬೇಡ. ಸೀಳುತ್ತೆ."

"ಆರಿದೆ ಅಮ್ಮ."

"ಬುಡದಲ್ಲಿ ಹಿಡ್ಕೊ ಹಂಗಾದ್ರೆ," ಎಂದು ಗಂಗುಲಮ್ಮ ಅಡುಗೆಮನೆಗೆ ಹೋದರು. ಕಿಟಕಿಯ ಮೇಲಿನಿಂದ ಏನನ್ನೋ ತೆಗೆದು ನೆಲಕ್ಕಿಟ್ಟ ಸದ್ದಾಯಿತು. ಈರುಳ್ಳಿ ಬುಟ್ಟಿ ಇರಬೇಕು.

ಗಂಡಸರು ಬಂದರು. ತನುಜ ಬಿಂದಿಗೆ ಹಿಡಿದು ಬಾಗಿಲಲ್ಲಿ ಕಾಲಿಗೆ ನೀರು ಹಾಕಿದಳು. ಆವುಲಪ್ಪನವರು ದೀಪ ನೋಡಿ, ಬುರುಡೆಗೂ ಒಮ್ಮೆ ಕೈಮುಗಿದು ಹೋದರು. ಕೊನೆಗೆ ಬಂದ ಮಧುಸೂದನನ ಕಾಲಿನಲ್ಲಿ ಇನ್ನೂ ಕೆಂಪು ಮಣ್ಣಿತ್ತು. ಅವನು ದನಿ ತಗ್ಗಿಸಿ ಕೇಳಿದ:

"ಅಕ್ಕ, ನಂಗಾದ್ರೂ ನಿಜ ಹೇಳು. ಅದು ಹೆಂಗೆ ತಿರುಗ್ತು? ನಿಂಗೆ ಗೊತ್ತಿರುತ್ತೆ."

ಅವನು ತಮ್ಮ. ಅವನಿಗೆ ಹೇಳಿದರೆ ಹೆಂಡತಿಗೆ ಹೇಳುತ್ತಾನೆ, ಅವಳು ಹರಿತಾಗೆ, ಹರಿತಾ ತನ್ನ ಅಪ್ಪನಿಗೆ. ಅಮ್ಮನ ಮೇಲೆ ಇನ್ನೊಂದು ಗಾದೆ ಹುಟ್ಟುತ್ತದೆ. ಅವನಿಗೂ ಬೇಡ, ಯಾರಿಗೂ ಬೇಡ ಎಂದು ತನುಜ ಅಲ್ಲೇ ನಿಶ್ಚಯಿಸಿದಳು.

"ಇನ್ನೊಂದು ಕಾಲು ಕೊಡು," ಎಂದಳು.

ಅವನು ಕಾಲು ಮುಂದಿಟ್ಟ. ಅವಳು ಬಗ್ಗಿ ನೀರು ಹಾಕಿದಳು. ಬಗ್ಗುವ ಮೊದಲು ಮಸಿಯಾದ ಸೆರಗಿನ ತುದಿಯನ್ನು ಒಳಮೈಗೆ ಮಡಿಸಿ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು.